ನಾಲ್ಕನೆಯ ಮಾರಮ್ಮ

ಧಾರವಾಡ
೮ ಜೂನ್ ೨೦೨೫

ಅವ್ವ,

ಈ ಹಾಸ್ಟೆಲಿನಲ್ಲಿ ಸೋಮವಾರದಿಂದ ಶನಿವಾರದವರೆಗೆ ನಮ್ಮ ಫೋನುಗಳು ವಾರ್ಡನ್ ಬೀರುವಿನೊಳಗೆ ಇರುತ್ತವೆ. ಭಾನುವಾರ ಸಿಕ್ಕಾಗ ನೀನು "ಉಂಡ್ಯಾ ಮಗ?" ಅನ್ನುತ್ತೀಯ, ನಾನು "ಉಂಡೆ" ಅನ್ನುತ್ತೇನೆ, ಅಷ್ಟರಲ್ಲಿ ಅಪ್ಪನಿಗೆ ಡ್ಯೂಟಿಗೆ ಹೊತ್ತಾಗಿರುತ್ತದೆ. ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಲಾಗದ ಮಾತೂ ಒಂದಿದೆ.

ಮೊದಲು ನಗುವ ಸುದ್ದಿ. ರಾಜ್ಯ ಮಟ್ಟದ ವೇಟ್‌ಲಿಫ್ಟಿಂಗಿನಲ್ಲಿ ನನಗೆ ಚಿನ್ನ ಬಂದದ್ದು ನಿನಗೆ ಗೊತ್ತು. ಪತ್ರಿಕೆಯೊಂದರಲ್ಲಿ "ಹಾಸನದ ಮಾರಮ್ಮನಿಗೆ ಚಿನ್ನ" ಎಂದು ಹಾಕಿ, ಪಕ್ಕದಲ್ಲಿ ಅರಕಲಗೂಡಿನ ಮಾರಮ್ಮ ಮೇಡಂ ಅವರ ಫೋಟೊ ಅಚ್ಚು ಮಾಡಿದ್ದಾರೆ. ಜಿಲ್ಲಾ ಪಂಚಾಯಿತಿಯ ಮಾಜಿ ಸದಸ್ಯೆ, ಹಬ್ಬ ಬಂದರೆ ಸಾಕು ಬಸ್ ಸ್ಟ್ಯಾಂಡಿನ ಫ್ಲೆಕ್ಸುಗಳಲ್ಲಿ ಕೈ ಮುಗಿದು ನಿಂತಿರುತ್ತಾರಲ್ಲ, ಅವರು. ಐವತ್ತು ದಾಟಿದ ಹೆಂಗಸು ಜೂನಿಯರ್ ವಿಭಾಗದಲ್ಲಿ ಗೆದ್ದಳೆಂದರೂ ಅಚ್ಚು ಮಾಡಿದವರಿಗೆ ಅನುಮಾನ ಬರಲಿಲ್ಲ! ಫೋನಿನಲ್ಲಿ ನನ್ನ ಹೆಸರು ಹುಡುಕಿದರೆ ಟೀವಿ ಸ್ಪರ್ಧೆಯಲ್ಲಿ ಸೋಬಾನೆ ಹಾಡಿ ಗೆದ್ದ ಚನ್ನರಾಯಪಟ್ಟಣದ ಮಾರಮ್ಮ ಬರುತ್ತಾರೆ. ಒಬ್ಬರು ರಾಜಕೀಯ, ಒಬ್ಬರು ಹಾಡು. ಮೂರನೆಯವಳಾದ ನಾನು ಎಲ್ಲೂ ಇಲ್ಲ.

ರೂಮಿನವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಹಾಜರಿ ಕೂಗುವಾಗ ನನ್ನ ಹೆಸರು ಬಂದರೆ ಸಾಕು, ಹಿಂದಿನಿಂದ ಯಾರಾದರೂ "ಕೋಳಿ ಎಲ್ಲೇ?" ಅನ್ನುತ್ತಾರೆ. ಆ ನಗು ನನಗೆ ಬರುವುದಿಲ್ಲ.

ಕೋಚ್ ಬಸವೇಶ ಸರ್ ಹೇಳಿದರು, ಡಿಸೆಂಬರಿನಲ್ಲಿ ರಾಷ್ಟ್ರೀಯ ಶಿಬಿರಕ್ಕೆ ಹೆಸರು ಕಳಿಸುತ್ತಾರಂತೆ. ಪಾಸ್‌ಪೋರ್ಟೂ ಆಗಲೇ ಆಗಬೇಕಂತೆ. ಹೆಸರು ಬದಲಾಯಿಸುವವರು ಅದಕ್ಕೆ ಮೊದಲೇ ಬದಲಾಯಿಸಿಕೊಳ್ಳಬೇಕು, ಆಮೇಲೆ ತಿದ್ದುವುದು ಕಷ್ಟ. ನಾನು ಬಿಂದುಶ್ರೀ ಎಂದು ಮಾಡಿಕೊಳ್ಳೋಣ ಅಂದುಕೊಂಡಿದ್ದೇನೆ. ನನಗೆ ಇಡಬೇಕೆಂದಿದ್ದ ಹೆಸರು ಅದೇ ಅಂತೆ, ದೊಡ್ಡಪ್ಪನ ಮಗ ಪೃಥ್ವಿ ಅಣ್ಣ ಹೇಳಿದ.

ಸಿಟ್ಟಾಗಬೇಡ. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡಬಾರದು ಅನ್ನುವುದು ನಮ್ಮೂರಿನ ಪದ್ಧತಿ, ನನಗೂ ಗೊತ್ತು. ಆದರೆ ಅಜ್ಜಿಯ ಹೆಸರು ನನಗಿದೆ ಎಂದು ನನ್ನನ್ನೂ ಕರೆಯಬಾರದೇ? ನೀನು ಒಂದು ದಿನವೂ ನನ್ನನ್ನು ಹೆಸರು ಹಿಡಿದು ಕೂಗಿಲ್ಲ. "ಮಗ", "ಕೂಸೆ", "ಏ ಇವಳೇ". ನೀನು ಕಳಿಸಿದ ಹುರಿಹಿಟ್ಟಿನ ಪೊಟ್ಟಣದ ಮೇಲೆ ವಿಳಾಸ ಬರೆದದ್ದೂ ಅಪ್ಪ. ಹೆತ್ತವಳ ಬಾಯಿಗೇ ಬಾರದ ಹೆಸರನ್ನು ನಾನು ಯಾಕೆ ಹೊತ್ತುಕೊಂಡು ತಿರುಗಲಿ?

ಉತ್ತರ ಬರಿ. ಇಲ್ಲಿ ರೊಟ್ಟಿ ಚೆನ್ನಾಗಿದೆ, ಆದರೂ ಮುದ್ದೆಯ ನೆನಪಾಗುತ್ತದೆ.

ನಿನ್ನ ಮಗಳು


ಹೊಳೆನರಸೀಪುರ
೧೯ ಜೂನ್ ೨೦೨೫

ಮಗಳೇ,

ನಿನ್ನ ಕಾಗದ ನೋಡಿ ಪೋಸ್ಟ್‌ಮ್ಯಾನಿಗೇ ಆಶ್ಚರ್ಯವಾಯಿತು. ನಮ್ಮ ಬೀದಿಗೆ ಬ್ಯಾಂಕಿನವರದ್ದು ಬಿಟ್ಟು ಬೇರೆ ಕಾಗದ ಬಂದು ಎಷ್ಟು ಕಾಲವಾಯಿತೋ.

ಆ ಪತ್ರಿಕೆ ಇಲ್ಲಿಗೂ ಬಂದಿತ್ತು. ಅತ್ತೆ ಫೋಟೊವನ್ನು ಕಣ್ಣ ಹತ್ತಿರ ಹಿಡಿದು ನೋಡಿ, "ಇದೇನ್ಲಾ ಕೀರ್ತಿ, ನನ್ ಮೊಮ್ಮಗ್ಳು ಧಾರವಾಡದ್ ನೀರ್ಗೆ ಇಷ್ಟ್ ಬೇಗ ಮುದ್ಕಿ ಆಗ್ಬುಟ್ಳಾ?" ಅಂತ ನಿಮ್ಮಪ್ಪನನ್ನು ಕೇಳಿದರು. ಅವರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಆಮೇಲೆ ಫೋಟೊವನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು, ಸುದ್ದಿಯನ್ನು ಮಾತ್ರ ಡಿಪೋದಲ್ಲಿ ಎಲ್ಲ ಡ್ರೈವರ್ ಕಂಡಕ್ಟರುಗಳಿಗೂ ತೋರಿಸಿ ಬಂದರಂತೆ. ಪಕ್ಕದ ಮನೆ ಮುದ್ದಮ್ಮ ಅದನ್ನು ಅರ್ಧ ಕೇಳಿಸಿಕೊಂಡು, ನೀನೇ ಜಿಲ್ಲಾ ಪಂಚಾಯಿತಿಗೆ ಗೆದ್ದೆ ಅಂದುಕೊಂಡು, ಒಂದು ಮನೆ ಮಂಜೂರು ಮಾಡಿಸಿಕೊಡು ಎಂದು ಅತ್ತೆಯನ್ನು ಕೇಳಿದಳು. ಅತ್ತೆಯಾದರೂ ಇಲ್ಲ ಅನ್ನಬೇಕೋ ಬೇಡವೋ! "ಬರ್ಲಿ ತಡಿ, ಯೋಳ್ತೀನಿ" ಅಂದರು.

ಅಂಗನವಾಡಿಯಲ್ಲಿ ಈ ಸಲ ಹೊಸ ಮಕ್ಕಳು ಜಾಸ್ತಿ. ಅಳುವವರೇ ಅರ್ಧ. ಹೆಸರಿನ ವಿಚಾರ ಸಾವಕಾಶವಾಗಿ ಬರೆಯುತ್ತೇನೆ. ಮೊಟ್ಟೆ ತಿನ್ನುವುದು ಬಿಡಬೇಡ.

ಇಂತಿ
ನಿನ್ನವ್ವ ಶಾಂತಿ


ಧಾರವಾಡ
೧೩ ಜುಲೈ ೨೦೨೫

ಅವ್ವ,

ಸಾವಕಾಶ ಅಂದೆ. ತಿಂಗಳಾಗುತ್ತಾ ಬಂತು.

ಹೋದ ಭಾನುವಾರ ನನ್ನ ರೂಮಿನ ಸ್ನೇಹಲತಾಳ ಅಮ್ಮ ಹೋಳಿಗೆ ಮಾಡಿಕೊಂಡು ಬಂದಿದ್ದರು. ಎಲ್ಲರ ಹೆಸರು ಕೇಳಿದರು. ನಾನು ಹೇಳಿದೆ. "ಯಾವ ಮಂದಿ ನೀವು?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಅವರಿಗೆ ಉತ್ತರ ಸಿಕ್ಕಿಬಿಟ್ಟಿತ್ತು ಅಂತ ಕಾಣುತ್ತದೆ. ಎಲ್ಲರಿಗೂ ಸ್ಟೀಲ್ ತಟ್ಟೆಯಲ್ಲಿ ಹಾಕಿದವರು ನನಗೆ ಪೇಪರ್ ತಟ್ಟೆ ಹುಡುಕಿ ತಂದರು. ಜೋರಾಗಿ ಏನೂ ಅನ್ನಲಿಲ್ಲ. ತುಪ್ಪವನ್ನೂ ಜಾಸ್ತಿಯೇ ಹಾಕಿದರು. ಸ್ನೇಹಲತಾ ಮುಖ ಕೆಂಪಗೆ ಮಾಡಿಕೊಂಡು ಬಂದು, ತನ್ನ ತಟ್ಟೆ ಪಕ್ಕಕ್ಕಿಟ್ಟು ನನ್ನ ತಟ್ಟೆಗೇ ಕೈ ಹಾಕಿ ತಿಂದಳು. ಹೋಳಿಗೆ ಚೆನ್ನಾಗಿತ್ತು ಅವ್ವ.

ಅಫಿಡವಿಟ್ ಬರೆಸಿ ಜೊತೆಗಿಟ್ಟಿದ್ದೇನೆ. ನನಗಿನ್ನೂ ಹದಿನೆಂಟಾಗಿಲ್ಲವಾದ್ದರಿಂದ ನಿಮ್ಮಿಬ್ಬರ ಸಹಿ ಬೇಕು. ಅಜ್ಜಿಗೆ ಮಾತ್ರ ಹೇಳಬೇಡ.

ನಿನ್ನ ಮಗಳು


ಹೊಳೆನರಸೀಪುರ
೩ ಆಗಸ್ಟ್ ೨೦೨೫

ಮಗಳೇ,

ಸಹಿ ಹಾಕಿದ ಕಾಗದ ಇದರೊಳಗೇ ಇದೆ. ಮೊದಲು ಅದನ್ನು ತೆಗೆದಿಟ್ಟುಕೊ, ಆಮೇಲೆ ಮುಂದಕ್ಕೆ ಓದು. ನಿಮ್ಮಪ್ಪ ಸಹಿ ಹಾಕಿದವರೇ ಡ್ಯೂಟಿ ಇದೆ ಎಂದು ಹೊರಟರು. ಅವತ್ತು ಅವರಿಗೆ ರಜೆ ಇತ್ತು.

ಆ ಪೇಪರ್ ತಟ್ಟೆಯ ವಿಚಾರ ಓದಿ ಎರಡು ದಿನ ನನಗೆ ಅನ್ನ ಸೇರಲಿಲ್ಲ. ನಿನಗೆ ಬೇಕಾದ ಹೆಸರನ್ನು ನೀನು ಇಟ್ಟುಕೊಳ್ಳುವುದಕ್ಕೆ ನಾನು ಯಾಕೆ ಅಡ್ಡ ಬರಲಿ? ಆದರೆ ಬಿಡುತ್ತಿರುವ ಹೆಸರು ನಿನಗೆ ಹೇಗೆ ಬಂತು ಅನ್ನುವುದು ಗೊತ್ತಿರಲಿ. ಇದು ನಿಮ್ಮಪ್ಪನಿಗೂ ಪೂರ್ತಿ ಗೊತ್ತಿಲ್ಲ.

ನಿನ್ನನ್ನು ಹೆರುವ ದಿನ ಭಾರಿ ಮಳೆ. ನಾಲೆ ಏರಿ ಒಡೆದು, ನಮ್ಮೂರಿನ ಮೋರಿ ಕೊಚ್ಚಿಹೋಗಿತ್ತು. ಆಟೊ ಆ ಕಡೆಗೇ ನಿಂತುಬಿಟ್ಟಿತು. ನಿಮ್ಮಪ್ಪ ಮೈಸೂರು ರೂಟಿನಲ್ಲಿದ್ದರು. ನಿನ್ನಜ್ಜಿ ಹಾಸನದ ಮಂಡಿಯಲ್ಲಿ ಗಂಡಸರ ಸಮಕ್ಕೆ ಆಲೂಗಡ್ಡೆ ಮೂಟೆ ಎತ್ತಿದ ಹೆಂಗಸು ಅಂತ ನೀನು ಕತೆ ಕೇಳಿದ್ದೀಯ. ನಾನು ಕಣ್ಣಾರೆ ಕಂಡದ್ದು ಅವತ್ತು. ಸೀರೆ ಎತ್ತಿ ಕಟ್ಟಿದರು, ಬೆನ್ನು ಬಗ್ಗಿಸಿದರು, "ಕತ್ತು ತಬ್ಕೊ" ಅಂದರು. ತೊಡೆಮಟ್ಟದ ನೀರು. ನಾನು ನೋವಿಗೆ ಅರಚುತ್ತಿದ್ದರೆ, "ಸುಮ್ಕಿರವ್ವ, ಆಲೂಗಡ್ಡೆ ಮೂಟೆ ಯಾವತ್ತಾರ ಅರಚ್ಕತದಾ?" ಅಂತ ನನ್ನನ್ನು ನಗಿಸಲು ನೋಡುತ್ತಾರೆ! ಆ ನೀರಿನ ನಡುವೆ ನಾನು ನಕ್ಕೆ ಕಣೆ. ಆಸ್ಪತ್ರೆ ಸೇರಿದ ಸ್ವಲ್ಪ ಹೊತ್ತಿಗೇ ನೀನು ಹುಟ್ಟಿದೆ. ತಡವಾಗಿದ್ದರೆ ಇಬ್ಬರಲ್ಲಿ ಒಬ್ಬರು ಉಳಿಯುತ್ತಿರಲಿಲ್ಲ ಅಂದರು ಡಾಕ್ಟರು. ನಿನ್ನನ್ನು ಮೊದಲು ಎತ್ತಿದವಳು ನಾನಲ್ಲ, ನನ್ನತ್ತೆ. ನನ್ನ ಸಮೇತ ಎತ್ತಿದರು.

ಆದರೂ ನಿನಗೆ ಬಿಂದುಶ್ರೀ ಅಂತಲೇ ಇಡಬೇಕೆಂದು ನಾನೇ ಗೊತ್ತು ಮಾಡಿದ್ದೆ. ಜನನ ಪತ್ರದಲ್ಲಿ "ಹೆಣ್ಣು ಮಗು" ಎಂದಷ್ಟೇ ಇತ್ತು, ಮನೆಯಲ್ಲಿ ಎಲ್ಲರೂ ಕೂಸು ಅನ್ನುತ್ತಿದ್ದೆವು. ಸ್ಕೂಲಿಗೆ ಸೇರಿಸುವ ದಿನ ಅತ್ತೆಯೂ ಬಂದರು. ನೀನು ಅವರ ಸೊಂಟದ ಮೇಲೆ. ಹೆಡ್‌ಮೇಷ್ಟ್ರು ತಲೆ ಎತ್ತದೆ "ಹೆಸರು?" ಅಂದರು. ಅತ್ತೆ ತಮ್ಮನ್ನೇ ಕೇಳಿದರು ಅಂದುಕೊಂಡು ತಮ್ಮ ಹೆಸರು ಹೇಳಿಬಿಟ್ಟರು. ಮೇಷ್ಟ್ರು ಬರೆದುಕೊಂಡು, ಜೋರಾಗಿ ಓದಿ, "ಮಗು ಹೆಸರು ಇದೇ ತಾನೆ?" ಅಂತ ನನ್ನ ಮುಖ ನೋಡಿದರು.

ಅಲ್ಲ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ನನ್ನ ಕಡೆ ತಿರುಗಿ, "ನನ್ನೆಸ್ರೇ ಮಡಗ್ಸಿದ್ಯಾ ಶಾಂತಿ?" ಅಂದರು. ಜೀವಮಾನದಲ್ಲಿ ಒಬ್ಬರೂ ಆ ಹೆಂಗಸಿಗೆ ಒಂದು ಹೂವನ್ನೂ ತಂದುಕೊಟ್ಟಿರಲಿಲ್ಲ. ಆ ಮುಖವನ್ನು ನೀನು ನೋಡಬೇಕಾಗಿತ್ತು. ನಾನು ತಲೆಯಾಡಿಸಿದೆ. ದಾರಿಯುದ್ದಕ್ಕೂ ಎದುರು ಸಿಕ್ಕವರಿಗೆಲ್ಲ, "ನನ್ ಸೊಸೆ ಮಗೀಗೆ ನನ್ನೆಸ್ರು ಮಡಗವ್ಳೆ" ಅಂತ ಹೇಳಿಕೊಂಡು ಬಂದರು.

ಆಮೇಲೊಂದು ದಿನ ಮೇಷ್ಟ್ರು ಸಿಕ್ಕಿದ್ದರು. "ಏನೋ ಎಡವಟ್ಟಾದಂಗಿದೆ, ಬೇಕಾದ್ರೆ ಈಗ್ಲೇ ತಿದ್ಬೌದು ಕಣಮ್ಮ" ಅಂದರು. ಬೇಡ ಸಾ ಅಂದೆ. ಆಗಿದ್ದು ತಪ್ಪಿನಿಂದಲೇ ಇರಬಹುದು, ಉಳಿಸಿಕೊಂಡದ್ದು ನಾನು ಬೇಕೆಂತಲೇ. ಅತ್ತೆಯ ಋಣಕ್ಕೆ ನನ್ನ ಕೈಲಿ ಕೊಡುವುದಕ್ಕೆ ಬೇರೆ ಏನಿತ್ತು?

ಆದರೆ ಅದರ ಜೊತೆಗೇ ನನ್ನ ನಾಲಿಗೆಯನ್ನು ನಾನೇ ಕಟ್ಟಿಕೊಂಡೆ ನೋಡು. ಅವರ ಹೆಸರು ನಿನಗೆ ಬಂತು, ನಿನ್ನನ್ನು ಕರೆಯುವುದು ನನಗೆ ತಪ್ಪಿತು. ಮನೆಯಲ್ಲಿ ಯಾರೂ ಇಲ್ಲದಾಗ ಅಂದು ನೋಡಿದ್ದೇನೆ. ಮೊದಲ ಅಕ್ಷರದಿಂದ ಮುಂದಕ್ಕೆ ಹೋಗುವುದಿಲ್ಲ. ನಾನು ಕರೆಯದೆ ಇದ್ದದ್ದು ಆ ಹೆಸರು ಕೀಳೆಂದು ಅಲ್ಲ ಕಣೆ. ನನಗೆ ಅದು ಅಷ್ಟು ದೊಡ್ಡದು.

ಇಷ್ಟೇ. ಸಹಿ ಇದೆ. ನಿನ್ನ ಮನಸ್ಸಿಗೆ ಬಂದಂತೆ ಮಾಡು. ಅತ್ತೆಗೆ ಹೇಳುವ ಹೊಣೆ ನನ್ನದು.

ಎಂದೆಂದೂ
ನಿನ್ನವ್ವ ಶಾಂತಿ


ಧಾರವಾಡ
೨೧ ಸೆಪ್ಟೆಂಬರ್ ೨೦೨೫

ಅವ್ವ,

ಇಷ್ಟು ದಿನ ಬರೆಯಲಿಲ್ಲ. ನಿನ್ನ ಕಾಗದ ದಿಂಬಿನ ಕೆಳಗಿದೆ. ಸಹಿಯ ಕಾಗದ ಬ್ಯಾಗಿನಲ್ಲಿದೆ, ಇನ್ನೂ ಕೊಟ್ಟಿಲ್ಲ. ಕೊಡುವುದಿಲ್ಲ ಎಂದೂ ಹೇಳುತ್ತಿಲ್ಲ.

ಮೊನ್ನೆ ಇಲ್ಲಿಯ ಕಾಲೇಜೊಂದರ ಕಾರ್ಯಕ್ರಮಕ್ಕೆ ಚನ್ನರಾಯಪಟ್ಟಣದ ಹಾಡುಗಾರ್ತಿ ಮಾರಮ್ಮ ಬಂದಿದ್ದರು. ಸ್ನೇಹಲತಾ ನನ್ನನ್ನು ಎಳೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿ, "ಇಕಿನೂ ಮಾರಮ್ಮನ ರೀ, ನಿಮ್ಮೂರ ಕಡೆಯಾಕಿ" ಅಂದಳು. ಅವರು ನನ್ನ ತೋಳು ಹಿಡಿದು ಅಮುಕಿ ನೋಡಿದರು. "ಓಹೋ, ನೀನೇನವ್ವ ಅವ್ಳು! ನಿನ್ ದೆಸೆಯಿಂದ ನಂಗ್ ಫೋನ್ ಮಾಡಿ ಎಷ್ಟು ಕೇಜಿ ಎತ್ತೀರಿ ಮೇಡಂ ಅಂತ ಕೇಳ್ತವ್ರೆ. ನನ್ ಕೈಲಿ ಒಂದ್ ಕೊಡ ನೀರ್ ಎತ್ತಕಾಗಕಿಲ್ಲ, ಮಂಡಿ ನೋವು" ಅಂದರು. "ಏನಂತ ಹೇಳ್ತೀರಿ?" ಅಂದೆ. "ಏನ್ ಯೋಳದು, ನಿಮ್ಮಾಶೀರ್ವಾದ ಅಂತೀನಿ. ಬಂದಿದ್ ಮರ್ಯಾದೆ ಯಾಕ್ ಬುಡ್ಲಿ?"

ಅರಕಲಗೂಡಿನ ಮೇಡಂ ಕತೆ ಇನ್ನೂ ಚೆನ್ನಾಗಿದೆಯಂತೆ. ಅವರು ಭಾಷಣಕ್ಕೆ ನಿಂತಲ್ಲೆಲ್ಲ ಯಾರಾದರೂ "ಒಂದು ಸೋಬಾನೆ ಹೇಳಿ ಮೇಡಂ" ಅನ್ನುತ್ತಾರಂತೆ. ಹೋದ ತಿಂಗಳು ಬೇಸತ್ತು ಹಾಡಿಯೂಬಿಟ್ಟರಂತೆ. ಚಪ್ಪಾಳೆ ಬಿತ್ತಂತೆ!

ನಕ್ಕು ಸಾಕಾದ ಮೇಲೆ ಕೇಳಿದೆ, ಟೀವಿಯವರು ಹೆಸರು ಬದಲಾಯಿಸಿ ಅನ್ನಲಿಲ್ಲವಾ ಅಂತ. ಅವರು, "ಅಂದ್ರು. ನಂಗೂ ಆಸೆ ಆಗಿತ್ತು. ನಿಂಗೂ ಆಗದೆ ಅಲ್ವಾ?" ಅಂದರು. ಅಷ್ಟೇ. ಹೀಗೆ ಮಾಡು, ಹಾಗೆ ಮಾಡು ಅಂತ ಒಂದು ಮಾತೂ ಹೇಳಲಿಲ್ಲ. ಹೋಗುವಾಗ ತಮಗೆ ಹಾಕಿದ್ದ ಶಾಲನ್ನು ನನಗೆ ಹೊದಿಸಿ ಹೋದರು. ಅದಕ್ಕೆ ಯಾಕೆ ಅಷ್ಟು ಅಳು ಬಂತೋ ಗೊತ್ತಿಲ್ಲ.

ನವೆಂಬರ್ ೮ಕ್ಕೆ ಹಾಸನದಲ್ಲಿ ರಾಜ್ಯೋತ್ಸವದ ಸನ್ಮಾನವಿದೆ. ಸಂಘವೊಂದು ಜಿಲ್ಲೆಯ ಹತ್ತು ಜನರನ್ನು ಕರೆದಿದೆ. ಅದರಲ್ಲಿ ನಾವು ಮೂವರೂ ಇದ್ದೇವೆ. ನೀವೆಲ್ಲ ಬರಬೇಕು.

ನಿನ್ನ ಮಗಳು


ಹೊಳೆನರಸೀಪುರ
೧೨ ಅಕ್ಟೋಬರ್ ೨೦೨೫

ಮಗಳೇ,

ಆಮಂತ್ರಣ ಪತ್ರಿಕೆ ಬಂತು. ನಿಮ್ಮಪ್ಪ ಓದಿ ಹೇಳಿದರು. ಅದರಲ್ಲಿ ಮೂರು ಸಲ ತಮ್ಮ ಹೆಸರು ಕೇಳಿ ಅತ್ತೆ ಗಾಬರಿಯಾದರು. "ನಂಗ್ಯಾಕ್ಲಾ ಮೂರ್ ಸನ್ಮಾನ?" ಅಂತ! ಬಿಡಿಸಿ ಹೇಳಿದ ಮೇಲೆ ನಿಟ್ಟುಸಿರು ಬಿಟ್ಟು, ಹಸಿರು ಸೀರೆ ತೆಗೆದಿಡು ಅಂದರು.

ನಿನ್ನ ಕಾಗದದ ವಿಚಾರ ಅವರಿಗೆ ಇನ್ನೂ ಹೇಳಿಲ್ಲ. ನೀನು ಆ ಕಾಗದ ಕೊಟ್ಟೆಯೋ ಇಲ್ಲವೋ ಎಂದೂ ಕೇಳುವುದಿಲ್ಲ. ಆ ಹಾಡುಗಾರ್ತಿ ಸಿಕ್ಕರೆ ನಾನು ಕೈ ಮುಗಿಯಬೇಕು. ನಿನ್ನ ಸ್ನೇಹಲತಾಳಿಗೆ ಕೋಡುಬಳೆ ಕಳಿಸಿದ್ದೇನೆ, ಅವಳ ಪಾಲನ್ನು ನೀನು ತಿನ್ನಬೇಡ.

ನಿನ್ನ ದಾರಿ ಕಾಯುವ
ಅವ್ವ


ಧಾರವಾಡ
೧೧ ನವೆಂಬರ್ ೨೦೨೫

ಅವ್ವ,

ಸಮಾರಂಭ ಮುಗಿದ ಮೇಲೆ ನಮ್ಮನ್ನೆಲ್ಲ ಊಟಕ್ಕೆ ಕರೆದುಕೊಂಡು ಹೋದರು. ಬಂದು ನೋಡುವಷ್ಟರಲ್ಲಿ ನೀವು ಕೊನೆಯ ಬಸ್ಸಿಗೆ ಹೊರಟುಹೋಗಿದ್ದಿರಿ. ಭಾನುವಾರ ಫೋನಿನಲ್ಲಿ ನಾನೂ ಅಳುತ್ತಿದ್ದೆ, ನೀನೂ ಅಳುತ್ತಿದ್ದೆ, ಅಪ್ಪ "ಸಿಗ್ನಲ್ ಇಲ್ಲ" ಅಂದುಬಿಟ್ಟರು. ಅದಕ್ಕೇ ಬರೆಯುತ್ತಿದ್ದೇನೆ.

ಹಿಂದಿನ ಸಾಲಿನಲ್ಲಿದ್ದ ನಿನಗೆ ವೇದಿಕೆಯ ಹತ್ತಿರ ಏನಾಯಿತೆಂದು ಪೂರ್ತಿ ಕಂಡಿರಲಾರದು. ಮೊದಲು ಅರಕಲಗೂಡಿನ ಮೇಡಂ ಹೋದರು, ಆಮೇಲೆ ಹಾಡುಗಾರ್ತಿ. ನಿರೂಪಕರು ಮೂರನೆಯ ಸಲ "ಮಾರಮ್ಮ" ಅಂದಾಗ ನಾನು ಮೆಟ್ಟಿಲ ಹತ್ತಿರ ಹೋದೆ. ಬ್ಯಾಡ್ಜ್ ಹಾಕಿಕೊಂಡಿದ್ದ ಸಂಘದವರೊಬ್ಬರು ಕೈ ಅಡ್ಡ ಹಿಡಿದರು. "ಮಾರಮ್ಮೋರು ಆಗ್ಲೇ ಮೇಲೆ ಕೂತವ್ರಲ್ಲವ್ವ. ನೀನ್ಯಾರು?" ಅಂದರು.

ನಾನೂ ಮಾರಮ್ಮ, ಅಷ್ಟು ಅಂದಿದ್ದರೆ ಮುಗಿಯುತ್ತಿತ್ತು. ಬರಲಿಲ್ಲ ಅವ್ವ. ಬ್ಯಾಗಿನಲ್ಲಿ ಆ ಕಾಗದ ಇತ್ತು. ಜೂನಿನಿಂದ ನಾನು ಅವಳಲ್ಲ, ನಾನು ಅವಳಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡು, ಬೇಕಾದಾಗ ಬಾಯೇ ಬರಲಿಲ್ಲ. ಅಷ್ಟು ಭಾರ ಎತ್ತುವವಳು ಒಂದು ಹೆಸರು ಎತ್ತಲಾರದೆ ನಿಂತೆ. ಹಿಂದಕ್ಕೆ ತಿರುಗಿ ಹೊರಟೂ ಬಿಡುತ್ತಿದ್ದೆ.

ಆಗ ನಿನ್ನ ಕೂಗು ಕೇಳಿತು. "ಮಾರಮ್ಮಾ! ಹತ್ತವ್ವ ಮೇಲಕ್ಕೆ! ಲೇ ಮಾರಮ್ಮಾ!"

ಇಡೀ ಭವನ ತಿರುಗಿ ನೋಡಿತು. ಮೈಕಿಲ್ಲದೆ ಅಷ್ಟು ದೊಡ್ಡ ದನಿ ನಿನಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಡ್ಡ ನಿಂತವರು ಕೈ ತೆಗೆದರು. ಮೆಟ್ಟಿಲು ಹತ್ತಿದ್ದು ನನಗೆ ನೆನಪಿಲ್ಲ. ಅರಕಲಗೂಡಿನ ಮೇಡಂ ತಮ್ಮ ಕುರ್ಚಿಯಲ್ಲಿ ಸರಿದು ಅರ್ಧ ಜಾಗ ಕೊಟ್ಟರು. "ಇದೇ ನೋಡವ್ವ ಚಿನ್ನ ಗೆದ್ದ ಕೈ, ಪೇಪರ್‌ನೋರು ನಂಗ್ ಕೊಟ್ಟಿದ್ರು, ನೀನೇ ಇಟ್ಕೊ" ಅಂತ ನನ್ನ ಕೈ ಹಿಡಿದುಕೊಂಡರು. ಹಾಡುಗಾರ್ತಿ ಕಿವಿಯಲ್ಲಿ, "ಕೂಗಿದ್ ಯಾರು?" ಅಂದರು. "ನಮ್ಮವ್ವ" ಅಂದೆ. "ಸೋಬಾನೆಗೆ ಕಳ್ಸು, ಒಳ್ಳೆ ಕಂಠ" ಅಂದರು.

ಸಹಿ ಹಾಕಿದ ಕಾಗದವನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ನೀನು ಕೇಳಿದೊಡನೆ ಸಹಿ ಹಾಕಿಕೊಟ್ಟೆಯಲ್ಲ, ಅದಕ್ಕಾಗಿ ನಿನಗೆ ನಾನು ಋಣಿ. ಕೊಡುವುದಿಲ್ಲ ಅಂದಿದ್ದರೆ ಹಟಕ್ಕೆ ಬದಲಾಯಿಸಿಕೊಂಡೇಬಿಡುತ್ತಿದ್ದೆನೇನೋ. ನಿನ್ನೆ ಬಸವೇಶ ಸರ್ ಪಾಸ್‌ಪೋರ್ಟಿಗೆ ಹೆಸರು ಕೇಳಿದರು. ಜೋರಾಗಿಯೇ ಹೇಳಿದೆ. ಹಿಂದಿನಿಂದ ಯಾರೋ ಕೋಳಿ ಅಂದರು. "ಊರಿಗೆ ಬನ್ನಿ, ಕೊಯ್ಯೋಣ" ಅಂದೆ. ಎಲ್ಲರೂ ಬರುತ್ತಾರಂತೆ, ಮಸಾಲೆ ಅರೆದಿಡು!

ಒಂದು ಮಾತ್ರ ಗೊತ್ತಾಗಲಿಲ್ಲ. ನಿನ್ನ ಪಕ್ಕದಲ್ಲೇ ಅಜ್ಜಿ ಕೂತಿದ್ದಳಲ್ಲ. ಏನಂದಳು?

ನಿನ್ನ ಮಗಳು
ಮಾರಮ್ಮ


ಹೊಳೆನರಸೀಪುರ
೨೦ ನವೆಂಬರ್ ೨೦೨೫

ಮಾರಮ್ಮ,

ಲಕೋಟೆಯ ಮೇಲಿನ ವಿಳಾಸ ನೋಡಿದೆಯಾ? ಈ ಸಲ ನನ್ನ ಕೈಬರಹ. ಪೆನ್ನು ಎರಡು ಸಲ ನಿಂತಿತು, ಆಮೇಲೆ ಓಡಿತು.

ಅವತ್ತು ಆದದ್ದು ಹೀಗೆ. ಆ ಮನುಷ್ಯ ಕೈ ಅಡ್ಡ ಹಿಡಿದದ್ದು, ನೀನು ತಲೆ ತಗ್ಗಿಸಿದ್ದು, ಎರಡೂ ನನಗೆ ಕಂಡವು. ನೀನು ತಿರುಗಿ ಹೊರಟರೆ ಇನ್ನು ಎಂದಿಗೂ ಹತ್ತುವುದಿಲ್ಲ ಅನ್ನಿಸಿತು. ಆಮೇಲೆ ನನಗೂ ಏನೂ ಗೊತ್ತಿಲ್ಲ. ಕೂಗಿ ಮುಗಿದ ಮೇಲೆಯೇ ನಾನು ಏನು ಕೂಗಿದೆ ಅನ್ನುವುದು ನನಗೆ ಹೊಳೆದದ್ದು. ನಾಲಿಗೆ ಕಚ್ಚಿಕೊಂಡು ಪಕ್ಕಕ್ಕೆ ನೋಡಿದರೆ ಅತ್ತೆ ಎದ್ದು ನಿಂತಿದ್ದಾರೆ. ಕಾಲಿಗೆ ಬೀಳೋಣ ಅಂತ ಬಗ್ಗಿದೆ.

ಅವರು ನನ್ನ ಭುಜ ಹಿಡಿದು ಎತ್ತಿದರು. ಆ ಕೈಯಲ್ಲಿ ಇನ್ನೂ ಬಲ ಇದೆ ಕಣೆ. ನಿಮ್ಮಪ್ಪ, "ಅವ್ವ, ನೀನೂ ಮೇಲಕ್ಕೋಗು, ನಿನ್ನೆಸ್ರೇ ಅಲ್ವಾ" ಅಂತ ರೇಗಿಸಿದರು. "ನನ್ನೆಸ್ರು ಮೂರ್ ಕಿತ ಮೆಟ್ಲು ಅತ್ತದಲ್ಲ, ಸಾಕು ಬುಡು, ನಾನ್ಯಾಕೆ ಅತ್ಲಿ" ಅಂದು ಕೂತುಬಿಟ್ಟರು. ಬಸ್ಸಿನಲ್ಲಿ ಊರು ಬರುವವರೆಗೂ ಕಿಟಕಿಯ ಕಡೆಗೇ ನೋಡುತ್ತಿದ್ದರು. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಹೇಳಿದರು: "ನನ್ ಮದ್ವೆ ಆದ್ಮೇಲೆ ನನ್ನ ಯಾರೂ ಎಸ್ರಿಡ್ದು ಕೂಗಿರ್ನಿಲ್ಲ ಕಣವ್ವ. ನಿಮ್ಮಾವ ಏ ಅಂತಿದ್ರು, ಮಂಡೀಲಿ ಮುದ್ಕಿ ಅಂತಿದ್ರು. ನನ್ನವ್ವ ಕೂಗ್ದಂಗಾಯ್ತು."

ನಾನು ಅಳುತ್ತಾ ನಿಂತೆ. ಅತ್ತೆ ಒಳಗೆ ಹೋಗಿ ಒಲೆಯ ಹತ್ತಿರ ಕೂತು, ನನ್ನ ಕಡೆ ನೋಡದೆ, "ಶಾಂತಿ, ಇನ್ನೊಂದ್ ಕಿತ ಕೂಗು" ಅಂದರು.

ನೀನು ಇಲ್ಲಿರಲಿಲ್ಲ, ನಿನ್ನನ್ನೇ ಕರೆಯುವಂತೆ ಬಾಗಿಲ ಕಡೆ ಮುಖ ಮಾಡಿ ಕೂಗಿದೆ. ಒಲೆಯ ಹತ್ತಿರದಿಂದ ಅತ್ತೆ "ಓ" ಅಂದರು.

ನಿನ್ನವ್ವ
ಶಾಂತಿ